ಹೊಳೆ ದಡವೋ, ಮೇಲಿನ ದಿಬ್ಬವೋ? ಬೆಟ್ಟದ ಕಣಿವೆಯಲ್ಲಿ ಟೆಂಟ್ ಹಾಕಲು ಜಾಗ ಆರಿಸುವುದು ಹೇಗೆ

ಬೆಟ್ಟ, ದಟ್ಟ ಕಾಡು, ನಡುವೆ ಹರಿಯುವ ಹೊಳೆ. ಇಂಥ ಕಡೆ ಎರಡು ಮೂರು ರಾತ್ರಿ ಟೆಂಟ್‌ನಲ್ಲಿ ಕಳೆಯೋಣ ಅಂತ ಮನಸ್ಸು ಮಾಡಿದವರು ಬುಕಿಂಗ್ ಮಾಡಲು ಕೂತಾಗ ಗೊಂದಲಕ್ಕೆ ಬೀಳುತ್ತಾರೆ. ಒಂದು ಜಾಗ ನೀರಿನ ಅಂಚಿಗೇ ಇದೆ. ಇನ್ನೊಂದು ಸ್ವಲ್ಪ ಮೇಲಿದೆ, ಆದರೆ ಅಲ್ಲಿಂದ ಹೊಳೆ ಕಾಣುವುದಿಲ್ಲ. ಒಂದರಲ್ಲಿ ಬಿಸಿನೀರು, ಶೌಚಾಲಯ ಎಲ್ಲ ಇದೆ, ಜೊತೆಗೆ ನೂರಾರು ಜನರೂ ಇರುತ್ತಾರೆ. ಮತ್ತೊಂದಕ್ಕೆ ಎರಡು ಗಂಟೆ ನಡೆದೇ ಹೋಗಬೇಕು. ಫೋಟೋದಲ್ಲಿ ಎಲ್ಲವೂ ಒಂದಕ್ಕಿಂತ ಒಂದು ಚೆಂದ.

ಯಾವುದು ಒಳ್ಳೆಯದು ಅಂತ ಕೇಳಿದರೆ ಉತ್ತರ ಒಬ್ಬೊಬ್ಬರಿಗೆ ಒಂದೊಂದು. ಆದರೆ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎಲ್ಲರಿಗೂ ಒಂದೇ. ನೀರಿನ ಮಟ್ಟಕ್ಕಿಂತ ಟೆಂಟ್ ಎಷ್ಟು ಮೇಲಿರುತ್ತದೆ? ನೀರು ಏರಿದರೆ ಕತ್ತಲಲ್ಲಿ ಯಾವ ದಾರಿ ಹಿಡಿದು ಮೇಲೆ ಹತ್ತುತ್ತೇವೆ? ರಾತ್ರಿ ಚಳಿ ಎಷ್ಟು, ಬೆಳಿಗ್ಗೆ ಬಿಸಿಲು ಬೀಳುವುದು ಎಷ್ಟು ಹೊತ್ತಿಗೆ? ಕುಡಿಯುವ ನೀರು, ಶೌಚಾಲಯ ಎಷ್ಟು ದೂರ? ಅಕ್ಕಪಕ್ಕ ಜನ ಎಷ್ಟು, ಸದ್ದು ಎಷ್ಟು? ಸಾಮಾನು ಎಲ್ಲಿಂದ ಎಲ್ಲಿಗೆ ಹೊರಬೇಕು? ಚೆಂದ ಅನ್ನುವುದನ್ನು ನಾನು ಈ ಪಟ್ಟಿಗೆ ಸೇರಿಸಿಲ್ಲ. ಕಾಡಿನ ಹೊಳೆ ಇರುವ ಕಡೆ ಚೆಂದ ಇಲ್ಲದ ಜಾಗ ಹುಡುಕುವುದೇ ಕಷ್ಟ, ಅಲ್ವಾ?

ಮೊದಲ ಎರಡು ಪ್ರಶ್ನೆಗೆ ಸರಿಯಾದ ಉತ್ತರ ಸಿಗದ ಜಾಗವನ್ನು ಪಟ್ಟಿಯಿಂದಲೇ ತೆಗೆದುಬಿಡಿ. ಉಳಿದ ನಾಲ್ಕರಲ್ಲಿ ಹೊಂದಾಣಿಕೆ ಮಾಡಿಕೊಳ್ಳಬಹುದು.

ಮೊದಲು ನೀರು

ಬಯಲಿನ ದೊಡ್ಡ ನದಿಯಲ್ಲಿ ನೆರೆ ಬರಲು ಹೆಚ್ಚಾಗಿ ದಿನಗಳೇ ಬೇಕು. ಬೆಟ್ಟದ ಹೊಳೆಗೆ ಅಷ್ಟು ತಾಳ್ಮೆ ಇಲ್ಲ. ಇಳಿಜಾರು ಕಡಿದು, ಮಣ್ಣಿನ ಪದರ ತೆಳು, ಕಣಿವೆ ಕಿರಿದು. ಸುತ್ತಲಿನ ಗುಡ್ಡಗಳ ಮೇಲೆ ಬಿದ್ದ ಮಳೆಯೆಲ್ಲ ಒಂದೇ ಇಕ್ಕಟ್ಟಾದ ದಾರಿಗೆ ಬಂದು ಸೇರುತ್ತದೆ. ನಿಮ್ಮ ತಲೆ ಮೇಲೆ ನಕ್ಷತ್ರ ಹೊಳೆಯುತ್ತಿದ್ದರೂ, ಕೆಲವು ಕಿಲೋಮೀಟರ್ ಮೇಲೆ ಸುರಿದ ಮಳೆ ಒಂದೆರಡು ಗಂಟೆಯಲ್ಲಿ ನಿಮ್ಮ ಹತ್ತಿರ ಬರಬಹುದು.

ಸ್ಪೇನ್ ದೇಶದ ಪಿರನೀಸ್ ಬೆಟ್ಟಗಳಲ್ಲಿ ಬಿಯೆಸ್ಕಾಸ್ ಅನ್ನುವ ಊರಿದೆ. 1996ರ ಆಗಸ್ಟ್ 7ರ ಸಂಜೆ ಅಲ್ಲಿನ ಒಂದು ಕ್ಯಾಂಪ್ ಮೇಲೆ ಪಕ್ಕದ ತೊರೆ ಕಲ್ಲು, ಮಣ್ಣು, ಮರಗಳ ಸಮೇತ ನುಗ್ಗಿತು. 87 ಜನ ಸತ್ತರು. ಆ ತೊರೆ ಬೆಟ್ಟದಿಂದ ಇಳಿದು ಕಣಿವೆಗೆ ಬರುವ ಕಡೆ, ಬೀಸಣಿಗೆಯ ಆಕಾರದಲ್ಲಿ ಹರಡಿಕೊಂಡ ನೆಲದ ಮೇಲೆ ಕ್ಯಾಂಪ್ ಇತ್ತು. ಅಂಥ ನೆಲ ಟೆಂಟ್ ಹಾಕಲೆಂದೇ ಯಾರೋ ಹದ ಮಾಡಿಟ್ಟ ಹಾಗೆ ಕಾಣುತ್ತದೆ. ಆದರೆ ಅಷ್ಟೂ ಕಲ್ಲುಮಣ್ಣನ್ನು ಅಲ್ಲಿಗೆ ತಂದು ಸುರಿದದ್ದು ಆ ತೊರೆಯೇ. ಒಮ್ಮೆ ಬಂದ ದಾರಿಯಲ್ಲಿ ಅದು ಮತ್ತೆ ಬರುತ್ತದೆ.

ಅಮೆರಿಕದ ಅರ್ಕನ್ಸಾದಲ್ಲಿ 2010ರ ಜೂನ್ 11ರ ನಸುಕಿನಲ್ಲಿ ಲಿಟ್ಲ್ ಮಿಸೌರಿ ನದಿ ಕೆಲವೇ ಗಂಟೆಗಳಲ್ಲಿ ಸುಮಾರು 6 ಮೀಟರ್ ಏರಿತು. ಆಲ್ಬರ್ಟ್ ಪೈಕ್ ಅನ್ನುವ ಕ್ಯಾಂಪ್ ಪ್ರದೇಶದಲ್ಲಿ ತಂಗಿದ್ದವರು ಗಾಢ ನಿದ್ದೆಯಲ್ಲಿದ್ದ ಹೊತ್ತು. 20 ಜನ ಸತ್ತರು. ಈ ಎರಡೂ ಯಾರೋ ಕದ್ದುಮುಚ್ಚಿ ನಡೆಸುತ್ತಿದ್ದ ಜಾಗಗಳಲ್ಲ. ಜನ ಗೊತ್ತಿದ್ದೇ ಬಂದು ತಂಗುತ್ತಿದ್ದ ಅಧಿಕೃತ ಕ್ಯಾಂಪ್‌ಗಳು. ಬುಕಿಂಗ್ ಸಿಕ್ಕಿತು ಅಂದ ಮಾತ್ರಕ್ಕೆ ಜಾಗ ಸುರಕ್ಷಿತ ಅಂದುಕೊಳ್ಳಬೇಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಹೆದರಿಸಲು ಇದನ್ನು ಬರೆಯುತ್ತಿಲ್ಲ. ಹೊಳೆ ಎಲ್ಲಿಯವರೆಗೆ ಬಂದು ಹೋಗಿದೆ ಅನ್ನುವುದು ನೆಲದ ಮೇಲೆ ಬರೆದೇ ಇರುತ್ತದೆ, ಓದಲು ಕಲಿತರೆ ಸಾಕು. ಪೊದೆಯ ಟೊಂಗೆಗಳಲ್ಲಿ ಒಣಹುಲ್ಲು, ಕಡ್ಡಿ, ಹರಿದ ಪ್ಲಾಸ್ಟಿಕ್ ಸಿಕ್ಕಿಕೊಂಡಿದೆಯಾ ನೋಡಿ. ಅದು ಎಷ್ಟು ಎತ್ತರದಲ್ಲಿದೆಯೋ ನೀರು ಅಷ್ಟೆತ್ತರ ಬಂದಿತ್ತು. ಕಾಲ ಕೆಳಗೆ ನುಣುಪಾದ ಉರುಟು ಕಲ್ಲು, ಹಸಿ ಮರಳು ಇದ್ದರೆ ನೀವು ಹೊಳೆಯ ಹಾಸಿಗೆಯಲ್ಲೇ ನಿಂತಿದ್ದೀರಿ. ಗಿಡಗಳೆಲ್ಲ ಒಂದೇ ಎಳೆ ವಯಸ್ಸಿನವಾಗಿ, ಹೊಳೆ ಹರಿಯುವ ದಿಕ್ಕಿಗೆ ಬಾಗಿದ್ದರೆ ಅದೂ ಒಂದು ಗುರುತು. ದಪ್ಪ ಕಾಂಡದ ಹಳೆಯ ಮರಗಳು, ಬುಡದಲ್ಲಿ ವರ್ಷಗಳಿಂದ ಕೊಳೆತು ಮೆತ್ತಗಾದ ತರಗೆಲೆ ಕಂಡರೆ ಸಮಾಧಾನ. ಅಲ್ಲಿಗೆ ನೀರು ಬಂದು ಬಹಳ ಕಾಲವಾಗಿದೆ.

ನಾನು ಮೊದಲ ಸಲ ಟೆಂಟ್ ಹಾಕಿದ್ದು ನೀರಿನಿಂದ ಹತ್ತು ಹೆಜ್ಜೆ ದೂರದಲ್ಲಿ. ರಾತ್ರಿ ಏನೂ ಆಗಲಿಲ್ಲ. ಬೆಳಿಗ್ಗೆ ಎದ್ದು ಹೊರಗೆ ಬಂದರೆ ಟೆಂಟ್ ಹಿಂದಿನ ಪೊದೆಯಲ್ಲಿ, ನನ್ನ ಎದೆಯ ಮಟ್ಟದಲ್ಲಿ, ಒಣಹುಲ್ಲಿನ ದೊಡ್ಡ ಕಂತೆ ಸಿಕ್ಕಿಕೊಂಡಿತ್ತು. ಹಿಂದಿನ ಸಂಜೆ ಅದೇ ಪೊದೆಗೆ ಒದ್ದೆ ಬಟ್ಟೆ ಹಾಕಿದ್ದೆ, ಆದರೂ ಕಂಡಿರಲಿಲ್ಲ. ಅವತ್ತಿನಿಂದ ಬೆನ್ನಿನ ಚೀಲ ಇಳಿಸುವ ಮೊದಲು ಪೊದೆ ನೋಡುವುದು ಅಭ್ಯಾಸವಾಗಿದೆ.

ಇನ್ನೆರಡು ವಿಷಯ. ಮೇಲೆ ಅಣೆಕಟ್ಟು ಇದ್ದರೆ ಒಂದು ಹನಿ ಮಳೆ ಇಲ್ಲದೆಯೂ ನೀರು ಏರಬಹುದು. ನೀರು ಬಿಡುವ ಹೊತ್ತು ಯಾವುದು, ಸೈರನ್ ಕೂಗುತ್ತದೆಯಾ ಅಂತ ಬುಕಿಂಗ್‌ಗೆ ಮೊದಲೇ ಕೇಳಿ. ಹಿಮ ಕರಗಿ ಬರುವ ಹೊಳೆಯಾದರೆ ಮಧ್ಯಾಹ್ನದ ಬಿಸಿಲಿಗೆ ಕರಗಿದ ನೀರು ಸಂಜೆ, ರಾತ್ರಿ ಹೊತ್ತಿಗೆ ಕೆಳಗೆ ಬರುತ್ತದೆ. ಬೆಳಿಗ್ಗೆ ಕಡಿಮೆ ನೀರಿರುವಾಗ ನೋಡಿ ದಡ ಅಳೆಯಬೇಡಿ.

ನೀರಿನ ಅಂಚು

ಎಲ್ಲರಿಗೂ ಬೇಕಾದದ್ದು ಇದೇ, ಮೊದಲು ತುಂಬುವುದೂ ಇದೇ. ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಬಾಡಿಗೆ ಇರುವ ಕ್ಯಾಂಪ್‌ಗಳಲ್ಲಿ ಜಾಸ್ತಿ ದುಡ್ಡು ಕೇಳುವುದೂ ಇದಕ್ಕೇ. ಎದ್ದ ತಕ್ಷಣ ನೀರು ಕಾಣುತ್ತದೆ. ಪಾತ್ರೆಗೆ, ಕೈಕಾಲಿಗೆ ನೀರು ಹತ್ತಿರ. ಮೀನು ಹಿಡಿಯುವವರಿಗೆ ನಸುಕಿನ ಒಂದು ಗಂಟೆ ಉಳಿಯುತ್ತದೆ. ಹೊಳೆಯ ಸದ್ದು ಪಕ್ಕದ ಟೆಂಟ್‌ನವರ ಮಾತನ್ನು ಮುಚ್ಚಿಹಾಕುತ್ತದೆ.

ಅದೇ ಸದ್ದು ಬೇರೆಯದನ್ನೂ ಮುಚ್ಚಿಹಾಕುತ್ತದೆ. ಮಗು ಅತ್ತರೆ, ಯಾರಾದರೂ ಕೂಗಿದರೆ, ಪ್ರಾಣಿ ಹತ್ತಿರ ಬಂದರೆ ಕೇಳುವುದಿಲ್ಲ. ಹೊಳೆಯ ಜೋರು ನಿಧಾನಕ್ಕೆ ಏರುತ್ತಾ ಹೋದರೆ ಕಿವಿ ಅದಕ್ಕೆ ಹೊಂದಿಕೊಂಡುಬಿಡುತ್ತದೆ, ವ್ಯತ್ಯಾಸ ಗೊತ್ತಾಗುವುದಿಲ್ಲ. ಹಗುರ ನಿದ್ದೆಯವರಿಗೆ ಮೊದಲ ರಾತ್ರಿ ಹಿತ, ಎರಡನೇ ರಾತ್ರಿ ಹಿಂಸೆ.

ಚಳಿಯ ವಿಷಯ ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಗುಡ್ಡದ ಮೈ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ನೀರಿನ ಹಾಗೆ ಕೆಳಗೆ ಹರಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಹೀಗಾಗಿ ಗಾಳಿ ಇಲ್ಲದ ತಿಳಿ ರಾತ್ರಿಗಳಲ್ಲಿ ಹೊಳೆ ದಡವೇ ಇಡೀ ಕಣಿವೆಯಲ್ಲಿ ಹೆಚ್ಚು ಚಳಿ ಇರುವ ಜಾಗ. ನೀರಿನ ಪಸೆ ಬೇರೆ ಸೇರಿ ಬೆಳಿಗ್ಗೆ ಟೆಂಟ್ ಒಳಗೂ ಹೊರಗೂ ತೊಟ್ಟಿಕ್ಕುತ್ತದೆ. ಕಣಿವೆ ಆಳವಿದ್ದರೆ ಬಿಸಿಲು ತಳ ಮುಟ್ಟುವ ಹೊತ್ತಿಗೆ ಬೆಳಗು ಕಳೆದಿರುತ್ತದೆ, ಒದ್ದೆ ಟೆಂಟನ್ನೇ ಮಡಚಿಕೊಂಡು ಹೊರಡಬೇಕು.

ಪ್ರಕೃತಿಗೆ ಗಾಯ ಮಾಡದೆ ತಂಗುವುದನ್ನು ಹೇಳಿಕೊಡುವವರ ಸಾಮಾನ್ಯ ನಿಯಮ ಒಂದಿದೆ. ನೀರಿನಿಂದ ಕನಿಷ್ಠ 60 ಮೀಟರ್ ದೂರ ಟೆಂಟ್ ಹಾಕಿ, ಪಾತ್ರೆ ತೊಳೆಯುವುದನ್ನೂ ಅಷ್ಟೇ ದೂರದಲ್ಲಿ ಮಾಡಿ ಅಂತ. ದಡ ಎಂದರೆ ಪ್ರಾಣಿಗಳು ನೀರಿಗೆ ಇಳಿಯುವ ದಾರಿ ಕೂಡ. ನಾವು ರಾತ್ರಿಯಿಡೀ ಅಲ್ಲೇ ಕೂತರೆ ಅವು ಬಾಯಾರಿ ಕಾಯಬೇಕು.

ಇಷ್ಟೆಲ್ಲ ಹೇಳಿದರೂ ದಡಕ್ಕೆ ಹೋಗಲೇಬೇಡಿ ಅನ್ನುವುದಿಲ್ಲ. ಮಳೆಗಾಲ ಅಲ್ಲ, ಮೇಲೆ ಅಣೆಕಟ್ಟು ಇಲ್ಲ, ಹೊಳೆಗೆ ನೀರು ಹರಿದು ಬರುವ ಇಡೀ ಪ್ರದೇಶದಲ್ಲಿ ಮಳೆಯ ಮುನ್ಸೂಚನೆ ಇಲ್ಲ, ಜೊತೆಗಿರುವವರು ದೊಡ್ಡವರು, ಒಂದೇ ರಾತ್ರಿ. ಇವಿಷ್ಟೂ ಕೂಡಿ ಬಂದರೆ, ನೀರಿನ ಗುರುತುಗಳಿಂದ ಮೇಲೆ, ದಡದ ಜಾಗ ಒಂದು ಸುಖ.

ಒಂದು ಮೆಟ್ಟಿಲು ಮೇಲೆ

ಬಹಳಷ್ಟು ಕಣಿವೆಗಳಲ್ಲಿ ಹೊಳೆಯಿಂದ ಕೆಲವು ಮೀಟರ್ ಮೇಲೆ ಮೆಟ್ಟಿಲಿನ ಹಾಗೆ ಸಮತಟ್ಟಾದ ದಿಬ್ಬ ಸಿಗುತ್ತದೆ. ಹಿಂದೊಂದು ಕಾಲದಲ್ಲಿ ಹೊಳೆ ಹರಿಯುತ್ತಿದ್ದ ನೆಲವೇ ಅದು. ಹೊಳೆ ತನ್ನ ದಾರಿಯನ್ನು ಕೊರೆಯುತ್ತಾ ಕೆಳಗಿಳಿಯಿತು, ನೆಲ ಮೇಲೆ ಉಳಿಯಿತು. ನನ್ನನ್ನು ಕೇಳಿದರೆ ಹತ್ತರಲ್ಲಿ ಎಂಟು ಜನಕ್ಕೆ ಇದೇ ಸರಿಯಾದ ಜಾಗ.

ತಣ್ಣನೆ ಗಾಳಿ ಇದನ್ನು ದಾಟಿ ಕೆಳಗೆ ಹೋಗಿರುತ್ತದೆ, ಹಾಗಾಗಿ ದಡಕ್ಕಿಂತ ಬೆಚ್ಚಗೆ. ಇಬ್ಬನಿ ಕಡಿಮೆ. ಹೊಳೆಯ ಸದ್ದು ಹಿನ್ನೆಲೆಗೆ ಸರಿದು ನಿದ್ದೆಗೆ ಹಿತವಾಗುತ್ತದೆ. ನೀರಿಗೆ ಐದು ಹತ್ತು ನಿಮಿಷದ ದಾರಿ. ಹಗಲೆಲ್ಲ ದಡದಲ್ಲೇ ಇದ್ದು, ಕತ್ತಲಾದ ಮೇಲೆ ಮೇಲೆ ಬಂದರಾಯಿತು. ನಾವು ಹೊಳೆಯನ್ನು ನೋಡುವುದು ಎಚ್ಚರ ಇದ್ದಾಗ ಮಾತ್ರ ತಾನೇ.

ತೊಂದರೆ ಇಲ್ಲದೇ ಇಲ್ಲ. ನೀರು ಹೊತ್ತು ತರಬೇಕು, ಮೊಣಕಾಲು ನೋವಿರುವವರಿಗೆ ಆ ಹತ್ತು ನಿಮಿಷದ ಏರು ದಿನಕ್ಕೆ ನಾಲ್ಕು ಸಲ ಆದರೆ ಕಷ್ಟ. ದಿಬ್ಬದ ತೀರಾ ಅಂಚಿಗೆ ಹೋಗಬೇಡಿ, ಅಡಿಯಲ್ಲಿ ಹೊಳೆ ಮಣ್ಣು ಕೊರೆದಿರಬಹುದು. ಹಿಂದಿನ ಗುಡ್ಡದಿಂದ ಯಾವುದಾದರೂ ಒಣ ಹಳ್ಳ ದಿಬ್ಬದ ಮೇಲೇ ಇಳಿಯುತ್ತಿದೆಯಾ ಅಂತಲೂ ನೋಡಿ. ಇಳಿಯುತ್ತಿದ್ದರೆ ಬಿಯೆಸ್ಕಾಸ್ ನೆನಪಿಸಿಕೊಂಡು ಪಕ್ಕಕ್ಕೆ ಸರಿಯಿರಿ.

ಕಾಡಿನ ಒಳಗೆ

ಹೊಳೆ ಬಿಟ್ಟು ಮರಗಳ ನಡುವೆ ಇರುವ ಜಾಗಗಳಿಗೆ ಬೇಡಿಕೆ ಕಡಿಮೆ. ಕೊನೆ ಗಳಿಗೆಯಲ್ಲಿ ಹೊರಟವರಿಗೂ ಸಿಗುತ್ತವೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದು, ಚಳಿಗೆ ಒಳ್ಳೆಯ ಸಾಮಾನು ಇಲ್ಲದಿದ್ದರೆ ಇದನ್ನು ಕೀಳಾಗಿ ನೋಡಬೇಡಿ. ಮರದ ಎಲೆಗಳು ಚಪ್ಪರದ ಹಾಗೆ ನೆಲದ ಬಿಸಿಯನ್ನು ಹಿಡಿದಿಡುತ್ತವೆ. ಗಾಳಿ ತಡೆಯುತ್ತವೆ. ಇಬ್ಬನಿ ಟೆಂಟ್‌ವರೆಗೆ ಬರುವುದು ಕಡಿಮೆ. ತೆಳುವಾದ ಸ್ಲೀಪಿಂಗ್ ಬ್ಯಾಗ್‌ನಲ್ಲೂ ರಾತ್ರಿ ಕಳೆಯಬಹುದು.

ಆದರೆ ಮಳೆ ನಿಂತು ಒಂದು ಗಂಟೆಯಾದರೂ ಮರ ತೊಟ್ಟಿಕ್ಕುತ್ತಲೇ ಇರುತ್ತದೆ. ಒದ್ದೆ ಕಾಡಾದರೆ ಇಂಬಳ, ಹುಲ್ಲು ಪೊದೆ ಇದ್ದರೆ ಉಣುಗು. ಸಂಜೆ ಬೇಗ ಕತ್ತಲು. ಎಲ್ಲಕ್ಕಿಂತ ಮುಖ್ಯ, ತಲೆ ಎತ್ತಿ ನೋಡಿ. ಒಣಗಿದ ಮರ, ಮುರಿದು ನೇತಾಡುವ ಕೊಂಬೆ ಇದ್ದರೆ ಅದು ಬಿದ್ದರೆ ಎಲ್ಲಿಯವರೆಗೆ ಬರುತ್ತದೆ ಅಂತ ಕಣ್ಣಳತೆ ಹಾಕಿ, ಅದರಾಚೆ ಟೆಂಟ್ ಹಾಕಿ. ಗಾಳಿ ಇಲ್ಲದ ದಿನವೂ ಒಣ ಕೊಂಬೆ ಬೀಳುತ್ತದೆ.

ಗುಡ್ಡದ ನೆತ್ತಿ

ಇದು ಅನುಭವ ಇದ್ದವರಿಗೆ. ನೋಟ, ಬಿಸಿಲು, ಸೊಳ್ಳೆ ಇಲ್ಲದ ಗಾಳಿ ಎಲ್ಲವೂ ಇದೆ. ಬದಲಿಗೆ ಪ್ರತಿ ಲೋಟ ನೀರನ್ನೂ ಕೆಳಗಿನಿಂದ ಹೊರಬೇಕು. 1000 ಮೀಟರ್ ಏರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ, ಗಾಳಿ ಬೀಸಿದರೆ ಚಳಿ ಇನ್ನೂ ಜಾಸ್ತಿ ಅನಿಸುತ್ತದೆ. ಗುಡುಗು ಸಿಡಿಲಿನ ಕಾಲದಲ್ಲಿ ನೆತ್ತಿ ಬೇಡವೇ ಬೇಡ. ಮಿಂಚು ಕಂಡು 30 ಸೆಕೆಂಡ್ ಒಳಗೆ ಗುಡುಗು ಕೇಳಿದರೆ ಇಳಿಯಲು ಶುರುಮಾಡಿ, ಕೊನೆಯ ಗುಡುಗಿನ ನಂತರ 30 ನಿಮಿಷ ಮೇಲೆ ಬರಬೇಡಿ.

ಸೌಕರ್ಯಕ್ಕೆ ಕೊಡುವ ದುಡ್ಡು

ಇನ್ನು ಖರ್ಚಿನ ಲೆಕ್ಕ. ಕಾರು ಟೆಂಟ್ ಪಕ್ಕಕ್ಕೇ ಬರುವ, ನಲ್ಲಿ, ಶೌಚಾಲಯ, ಬೆಳಕು ಇರುವ ಕ್ಯಾಂಪ್‌ಗೆ ಬಾಡಿಗೆ ಜಾಸ್ತಿ. ನಡೆದು ಹೋಗುವ ಸರಳ ಜಾಗಕ್ಕೆ ಕಡಿಮೆ, ಕೆಲವು ಕಡೆ ಬರೀ ಪರ್ಮಿಟ್ ಸಾಕು. ಅಷ್ಟಕ್ಕೇ ಎರಡನೆಯದು ಅಗ್ಗ ಅಂತ ತೀರ್ಮಾನ ಮಾಡಬೇಡಿ. ನಲ್ಲಿ ಇಲ್ಲದ ಕಡೆ ನೀರು ಶುದ್ಧ ಮಾಡುವ ಫಿಲ್ಟರ್ ಬೇಕು, ಇಲ್ಲವೇ ಕುದಿಸಲು ಇಂಧನ ಬೇಕು. ಹೊತ್ತು ನಡೆಯಲು ಹಗುರ ಟೆಂಟ್, ಹಗುರ ಒಲೆ, ಒಳ್ಳೆಯ ಬ್ಯಾಗ್ ಬೇಕು. ವರ್ಷಕ್ಕೆ ಒಂದೇ ಸಲ ಹೋಗುವವರಿಗೆ ಸೌಕರ್ಯ ಇರುವ ಕ್ಯಾಂಪ್‌ನ ಬಾಡಿಗೆಯೇ ಅಗ್ಗ ಬೀಳುತ್ತದೆ. ನಾಲ್ಕೈದು ಸಲ ಹೋಗುವವರು ಸಾಮಾನಿಗೆ ದುಡ್ಡು ಹಾಕಿದರೆ ಅದು ವಸೂಲಾಗುತ್ತದೆ.

ಬೆಟ್ಟದ ನೀರು ಎಷ್ಟೇ ತಿಳಿಯಾಗಿ ಕಂಡರೂ ಹಾಗೇ ಕುಡಿಯಬೇಡಿ. ಮೇಲೆಲ್ಲೋ ಪ್ರಾಣಿ ಮಲ ಬಿದ್ದಿದ್ದರೆ ಜಿಯಾರ್ಡಿಯಾದಂಥ ರೋಗಾಣು ಕಣ್ಣಿಗೆ ಕಾಣುವುದಿಲ್ಲ. ಚೆನ್ನಾಗಿ ಕುದಿ ಬಂದ ಮೇಲೆ 1 ನಿಮಿಷ ಕುದಿಸಿ, ಸುಮಾರು 2000 ಮೀಟರ್‌ಗಿಂತ ಎತ್ತರದಲ್ಲಿದ್ದರೆ 3 ನಿಮಿಷ. ಶೌಚಾಲಯ ಇಲ್ಲದ ಕಡೆ ನೀರಿನಿಂದ, ದಾರಿಯಿಂದ, ಟೆಂಟ್‌ನಿಂದ 60 ಮೀಟರ್ ದೂರ ಹೋಗಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಆಮೇಲೆ ಮುಚ್ಚಿ. ಇದನ್ನು ಮಾಡಲು ಮನೆಯವರೆಲ್ಲ ಒಪ್ಪುತ್ತಾರಾ ಅಂತ ಮೊದಲೇ ಕೇಳಿ. ಒಪ್ಪದವರು ಒಬ್ಬರಿದ್ದರೂ ಶೌಚಾಲಯ ಇರುವ ಕ್ಯಾಂಪೇ ಆಗಲಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕಾಡಿನ ಪ್ರಾಣಿಗಳು ಓಡಾಡುವ ಕಡೆ ತಿನ್ನುವ ಸಾಮಾನು ಇಡಲು ಗಟ್ಟಿ ಪೆಟ್ಟಿಗೆ ಕೊಡುತ್ತಾರಾ ಅನ್ನುವುದನ್ನೂ ವಿಚಾರಿಸಿ. ಟೆಂಟ್ ಒಳಗೆ ತಿನ್ನುವುದನ್ನು ಇಟ್ಟುಕೊಂಡು ಮಲಗಬಾರದು.

ನಿಮಗೆ ಯಾವುದು

ಚಿಕ್ಕ ಮಕ್ಕಳಿದ್ದರೆ ನನ್ನ ಮಾತು ನೇರ. ದಡದ ಜಾಗ ಬೇಡ. ಜೋರಾಗಿ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರ ಕಾಲನ್ನೇ ತಪ್ಪಿಸುತ್ತದೆ, ಮಗುವಿನ ಮಾತು ಬಿಡಿ. ಮೇಲಿನ ದಿಬ್ಬದಲ್ಲಿ, ಶೌಚಾಲಯಕ್ಕೆ ಹತ್ತಿರದ, ಹೊಳೆಗೆ ಹೋಗಲು ಒಂದೇ ಒಂದು ದಾರಿ ಇರುವ ಜಾಗ ಹಿಡಿಯಿರಿ. ಆ ದಾರಿಯ ಬಾಯಲ್ಲಿ ದೊಡ್ಡವರೊಬ್ಬರು ಕೂತರೆ ಸಾಕು, ಎಲ್ಲರಿಗೂ ನೆಮ್ಮದಿ.

ವಯಸ್ಸಾದವರು ಜೊತೆಗಿದ್ದರೆ ದೂರಕ್ಕಿಂತ ಏರಿಳಿತ ನೋಡಿ. ರಾತ್ರಿ ಎರಡು ಸಲ ಎದ್ದು ಹೋಗಬೇಕಾಗುತ್ತದೆ, ಆ ದಾರಿ ಸಮತಟ್ಟಾಗಿರಬೇಕು. ಇದಕ್ಕಾಗಿ ಹೊಳೆಯ ನೋಟ ಬಿಟ್ಟುಕೊಟ್ಟರೂ ನಷ್ಟವಿಲ್ಲ.

ಮೊದಲ ಸಲ ಹೋಗುವವರು ಕಾರು ಬರುವ ಕ್ಯಾಂಪ್‌ನಲ್ಲೇ ಶುರುಮಾಡಿ. ರಾತ್ರಿ ಹನ್ನೆರಡಕ್ಕೆ ಮ್ಯಾಟ್ ತೆಳು ಅಂತ ಗೊತ್ತಾದರೆ ಕಾರಿನಿಂದ ಇನ್ನೊಂದು ಕಂಬಳಿ ತರಬಹುದು. ನಡೆದು ಹೋದ ಜಾಗದಲ್ಲಿ ಬೆಳಗಿನವರೆಗೆ ನಡುಗಬೇಕು. ಒಬ್ಬರೇ ಅಥವಾ ಇಬ್ಬರು, ಸದ್ದುಗದ್ದಲ ಬೇಡ, ಬೆನ್ನಿನ ಮೇಲೆ ಹೊರಲು ತಯಾರು ಅಂದರೆ ನಡೆದು ತಲುಪುವ ಜಾಗಗಳು ಅದ್ಭುತ. ಹೋಗುವ ಜಾಗ, ವಾಪಸ್ ಬರುವ ಹೊತ್ತು ಮನೆಯಲ್ಲಿ ಒಬ್ಬರಿಗಾದರೂ ಬರೆದುಕೊಟ್ಟು ಹೋಗಿ. ಕಣಿವೆಯ ತಳದಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ.

ಎರಡು ಜಾಗ ಸಮಸಮ ಅನಿಸಿ ಇನ್ನೂ ತೀರ್ಮಾನ ಆಗದಿದ್ದರೆ ಬೆಳಗಿನ ಬಿಸಿಲು ಬೇಗ ಬೀಳುವುದನ್ನು ಆರಿಸಿ. ಪೂರ್ವಕ್ಕೆ ತೆರೆದ ಜಾಗ ಬೇಗ ಒಣಗುತ್ತದೆ, ಬೇಗ ಬೆಚ್ಚಗಾಗುತ್ತದೆ. ಒದ್ದೆ ಸಾಕ್ಸ್ ಹಾಕಿಕೊಂಡು ನೆರಳಲ್ಲಿ ನಿಂತು, ಎದುರು ದಡದ ಟೆಂಟ್ ಮೇಲೆ ಬಿಸಿಲು ಬಿದ್ದಿರುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ತಲುಪಿದ ಮೇಲೆ

ಕತ್ತಲಾಗುವುದಕ್ಕೆ ಎರಡು ಗಂಟೆ ಮೊದಲೇ ತಲುಪುವ ಹಾಗೆ ಹೊರಡಿ. ಬುಕ್ ಮಾಡಿದ ಜಾಗ ಸರಿ ಕಾಣದಿದ್ದರೆ ಬೇರೆ ಕೊಡಿ ಅಂತ ಕೇಳಲು ಹಗಲು ಬೇಕು. ಬೆಟ್ಟದಲ್ಲಿ ಹಗಲು ಗಾಳಿ ಕಣಿವೆಯಿಂದ ಮೇಲಕ್ಕೆ, ರಾತ್ರಿ ಮೇಲಿನಿಂದ ಕೆಳಕ್ಕೆ ಬೀಸುತ್ತದೆ. ರಾತ್ರಿ ಬೆಂಕಿ ಹಾಕುವ ಯೋಚನೆ ಇದ್ದರೆ ಟೆಂಟ್ ಅದರ ಕೆಳಬದಿಗೆ ಬರದ ಹಾಗೆ ನೋಡಿಕೊಳ್ಳಿ, ಹೊಗೆ ಒಳಗೆ ತುಂಬುವುದಿಲ್ಲ.

ಆಮೇಲೆ ಮೇಲೆ ಹತ್ತುವ ದಾರಿ. ಅಮೆರಿಕದ ಕೊಲರಾಡೋದಲ್ಲಿ ಬಿಗ್ ಥಾಂಪ್ಸನ್ ಕಮರಿಗೆ 1976ರ ಜುಲೈ 31ರ ರಾತ್ರಿ ನೆರೆ ಬಂದು 144 ಜನ ಸತ್ತರು. ಕಾರಿನಲ್ಲೇ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಕೊಂಡವರು ಹಲವರು. ರಸ್ತೆ ಹೊಳೆಯ ಪಕ್ಕದಲ್ಲೇ ಸಾಗುವ ಕಣಿವೆಯಲ್ಲಿ ಕಾರು ಓಡಿಸಿದರೆ ನೀರಿನ ಜೊತೆಗೇ ಓಡಿದಂತೆ. ನೆರೆ ಬಂದರೆ ಬೆಟ್ಟ ಹತ್ತಿ ಅನ್ನುವ ಫಲಕಗಳು ಈಗ ಆ ರಾಜ್ಯದ ಕಮರಿಗಳ ರಸ್ತೆ ಬದಿಯಲ್ಲಿವೆ. ಅದಕ್ಕೆ ಟೆಂಟ್ ಬಿಚ್ಚುವ ಮೊದಲು ಜೊತೆಯವರನ್ನೆಲ್ಲ ಕರೆದುಕೊಂಡು, ಟೆಂಟ್ ಜಾಗದಿಂದ ನೇರ ಮೇಲಕ್ಕೆ ಹತ್ತು ನಿಮಿಷ ಹತ್ತಿ ಬನ್ನಿ. ಎಲ್ಲಿ ಬಂಡೆ ಜಾರುತ್ತದೆ, ಎಲ್ಲಿ ಮುಳ್ಳು ಇದೆ, ಎಲ್ಲಿ ನಿಂತು ಕಾಯಬಹುದು ಅಂತ ಮಕ್ಕಳಿಗೂ ತೋರಿಸಿ. ಕೆಳಗೆ ಬಂದ ಮೇಲೆ ಟಾರ್ಚ್ ಮತ್ತು ಶೂಗಳನ್ನು ಕತ್ತಲಲ್ಲೂ ಕೈಗೆ ಸಿಗುವ ಹಾಗೆ ಟೆಂಟ್ ಬಾಗಿಲಿನ ಒಳಗೆ ಇಟ್ಟುಕೊಳ್ಳಿ. ದಡದಲ್ಲಿ, ನೀರಿನ ಈಗಿನ ಅಂಚಿಗೆ ಸರಿಯಾಗಿ, ಒಂದು ಕಡ್ಡಿ ನೆಡಿ. ಮಲಗುವ ಮೊದಲು ಒಮ್ಮೆ, ನಡುರಾತ್ರಿ ಎದ್ದರೆ ಇನ್ನೊಮ್ಮೆ ಟಾರ್ಚ್ ಬಿಟ್ಟು ನೋಡಿ. ನೀರು ಕಡ್ಡಿಯನ್ನು ದಾಟಿದ್ದರೆ, ಅಥವಾ ತಿಳಿನೀರು ಕೆಂಪಗೆ ಬಗ್ಗಡವಾಗಿ ಎಲೆ ಕಡ್ಡಿ ತೇಲಿ ಬರುತ್ತಿದ್ದರೆ, ಸಾಮಾನು ಕಟ್ಟಲು ನಿಲ್ಲಬೇಡಿ. ಎಲ್ಲರನ್ನೂ ಎಬ್ಬಿಸಿ, ಸಂಜೆ ನೋಡಿಟ್ಟ ದಾರಿಯಲ್ಲಿ ಹತ್ತಿ.